ಬಿಟ್ಟಿ ಸಿಕ್ಕರೆ ಸಾಲದು

ಸಿರಿಗೆರೆಗೆ ಗಣಕಯಂತ್ರ ಹೊಸದಲ್ಲ. ಪಾಣಿನಿಯ ವ್ಯಾಕರಣವನ್ನು ‘ಗಣಕಾಷ್ಟಾಧ್ಯಾಯಿ’ ಎಂಬ ತಂತ್ರಾಂಶವಾಗಿಸಿದವರು ಇಲ್ಲಿನ ತರಳಬಾಳು ಮಠದ ಡಾ. ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿ. ಅಂಥ ಊರಲ್ಲಿ ಕೂತು ಕಥೆ ಬರೆಯುವ ನಾವೂ ಧೈರ್ಯ ಮಾಡಿ ಹಳೆಯ ಕಂಪ್ಯೂಟರಿಗೆ ಉಬುಂಟು ಹಾಕಿಸಿದೆವು. ದುಡ್ಡಿಲ್ಲ, ಕಳ್ಳಪ್ರತಿಯ ಪಾಪಭಯವೂ ಇಲ್ಲ.

ತೆರೆದು ನೋಡಿದರೆ ಹದಿನೈದು ವರ್ಷದ ಕಥೆಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿದ್ದವು. ಅಮ್ಮಿ ತೀರಿಕೊಂಡಾಗ ಬರೆದದ್ದೂ ಅವುಗಳಲ್ಲಿತ್ತು. ತಪ್ಪು ಉಬುಂಟುವಿನದಲ್ಲ. ಯೂನಿಕೋಡ್ ಬಳಕೆಗೆ ಬರುವ ಮುನ್ನ ನಮ್ಮ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳನ್ನೇ ಎರವಲು ಪಡೆದಿದ್ದವು. ಫಾಂಟ್ ಇಲ್ಲದ ಕಡೆ ಕನ್ನಡವೂ ಇಲ್ಲ. ಬದಲಿಸಿಕೊಡುವ ತಂತ್ರಾಂಶಗಳಿವೆ. ಅವನ್ನು ಹುಡುಕಿಕೊಟ್ಟವನು ಮಗ. ತಪ್ಪಿದ ಒತ್ತಕ್ಷರಗಳನ್ನು ತಿದ್ದುವುದರಲ್ಲೇ ನಮಗೊಂದು ರಂಜಾನ್ ತಿಂಗಳು ಕಳೆಯಿತು. ಉರ್ದುವಿನ ನಸ್ತಾಲೀಕ್ ಫಾಂಟನ್ನೂ ಹೀಗೇ ಅವರಿವರನ್ನು ಕೇಳಿಯೇ ಹಾಕಿಕೊಂಡೆವು.

ಮಗನಿಲ್ಲದವರು ಏನು ಮಾಡಬೇಕು? ಜನರನ್ನು ಕರೆಯಲು ಚಂದದ ಪರದೆ ಸಾಲದು. ಹಳೆಯ ಕಡತ ತೆರೆದ ಕೂಡಲೇ ‘ಇದು ಹಳೆಯ ಫಾಂಟು, ಬದಲಿಸಲೇ?’ ಎಂದು ಯಂತ್ರವೇ ಕನ್ನಡದಲ್ಲಿ ಕೇಳಲಿ. ಬಾಡಿಗೆಯಿಲ್ಲದ ಮನೆಯೇ ಇರಬಹುದು. ನಮ್ಮ ಹಳೆಯ ಪೆಟ್ಟಿಗೆ ಬಾಗಿಲಲ್ಲಿ ತೂರದಿದ್ದರೆ ಅಲ್ಲಿ ಸಂಸಾರ ಹೂಡುವುದು ಹೇಗೆ?