ಕ್ಲಾಸ್ ಗ್ರೂಪಿನಲ್ಲಿ ಇದ್ದೂ ಇಲ್ಲದವರು

ಕಾರ್ಗಲ್

ಪ್ರೀತಿಯ ಅಕ್ಕ,

ನೀವು ಕೇಳಿದ್ದಕ್ಕೆ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಕ್ಲಾಸಿನ ಆ ಇಬ್ಬರು ಮಕ್ಕಳ ಕೈಯಿಂದ ಫೋನ್ ಕಿತ್ತುಕೊಳ್ಳಬೇಡಿ ಅಂತ ಅವರ ಮನೆಯವರಿಗೆ ಹೇಳಿ. ಕಿವಿ ಮಂದವಿರುವ ಹುಡುಗಿ ಇನ್‌ಸ್ಟಾಗ್ರಾಂ ನೋಡಿ ನೋಡಿ ಸಪ್ಪಗಾಗುತ್ತಾಳೆ, ಕಣ್ಣು ಕಾಣದ ಹುಡುಗ ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪನ್ನೇ ಬಿಟ್ಟು ಹೋಗಿದ್ದಾನೆ ಎಂದು ಬರೆದಿದ್ದೀರಿ. ಲೈಕು ಕಡಿಮೆ ಬಂತೆಂದು ಮುಖ ಊದಿಸಿಕೊಳ್ಳುವುದು ಆ ವಯಸ್ಸಿನ ಎಲ್ಲ ಮಕ್ಕಳಿಗೂ ಇದ್ದದ್ದೇ. ಇವರಿಬ್ಬರ ಸಂಕಟ ಬೇರೆಯದು ಅಂತ ನನಗನ್ನಿಸುತ್ತದೆ.

ಹುಡುಗನ ವಿಷಯ ಮೊದಲು. ಅವನ ಪಕ್ಕದಲ್ಲಿ ಕೂತು ಆ ಗ್ರೂಪನ್ನು ಒಂದು ಸಲ ಕೇಳಿಸಿಕೊಳ್ಳಿ. ಆಂಡ್ರಾಯ್ಡ್ ಫೋನಿನ ಟಾಕ್‌ಬ್ಯಾಕ್, ಬೆರಳು ಮುಟ್ಟಿದ್ದನ್ನೆಲ್ಲ ಓದಿ ಹೇಳುತ್ತದೆ. ಆದರೆ ಅಕ್ಷರವಿದ್ದರೆ ಮಾತ್ರ. ನೀವು ನೋಟ್ಸಿನ ಪುಟವನ್ನು ಫೋಟೊ ಹೊಡೆದು ಹಾಕಿದರೆ ಅದು ಸಾಮಾನ್ಯವಾಗಿ 'ಫೋಟೊ' ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಪರೀಕ್ಷೆಯ ವೇಳಾಪಟ್ಟಿಯೂ ಫೋಟೊ, ಯಾರೋ ಕಳಿಸಿದ ಶುಭೋದಯದ ಗುಲಾಬಿಯೂ ಫೋಟೊ. ಇನ್ನು ಗೆಳೆಯರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟುತ್ತಾರಲ್ಲ, ಅದನ್ನು ಇಂಗ್ಲಿಷ್ ದನಿ ತನಗೆ ತೋಚಿದಂತೆ ಓದಿ 'ನಾಳೆ ಬಾರೋ' ಎನ್ನುವುದನ್ನು 'ನೇಲ್ ಬ್ಯಾರೋ' ಮಾಡಿಡುತ್ತದೆ. ಜೋಕಿನ ಕೆಳಗೆ ಸಾಲಾಗಿ ಇಟ್ಟ ನಗುಮುಖಗಳ ಹೆಸರನ್ನು ಅದು ಪಠಿಸಿ ಮುಗಿಸುವಷ್ಟರಲ್ಲಿ ಉಳಿದವರು ಮುಂದಿನ ಜೋಕಿಗೆ ಹೋಗಿಯಾಗಿರುತ್ತದೆ. ಅವನು ನಗುವ ಹೊತ್ತಿಗೆ ಅಲ್ಲಿ ಯಾರೂ ಇಲ್ಲ. ಅವನು ಬಿಟ್ಟು ಹೋದದ್ದರಲ್ಲಿ ಆಶ್ಚರ್ಯವೇನಿದೆ ಹೇಳಿ?

ಚಿತ್ರದಲ್ಲೇನಿದೆ ಎಂದು ಯಂತ್ರವೇ ಊಹಿಸಿ ಹೇಳುವ ಏರ್ಪಾಡು ಫೇಸ್‌ಬುಕ್‌ಗೆ 2016ರಲ್ಲಿ, ಇನ್‌ಸ್ಟಾಗ್ರಾಂಗೆ 2018ರಲ್ಲಿ ಬಂತು. ಜನ, ಮರ, ಆಕಾಶ ಎಂಬಷ್ಟರ ಮಟ್ಟಿಗೆ ಹೇಳುತ್ತಿತ್ತು. 2023ರಿಂದ ಬಿ ಮೈ ಐಸ್ ಎಂಬ ಆ್ಯಪಿನಲ್ಲಿ ಕೃತಕ ಬುದ್ಧಿಮತ್ತೆ ಇನ್ನೂ ವಿವರವಾಗಿಯೇ ಹೇಳುತ್ತದೆ. ಆದರೂ ಜೋಗದ ಮುಂದೆ ತೆಗೆದ ಫೋಟೊದಲ್ಲಿ ಯಾರ ಕೊಡೆ ಗಾಳಿಗೆ ಮಗುಚಿತು, ಅದನ್ನು ಹಿಡಿಯಹೋಗಿ ಯಾರು ಜಾರಿದರು ಅನ್ನುವುದು ಜೊತೆಗಿದ್ದವನಿಗೇ ಗೊತ್ತಿರುವುದು. ಅವನು ಎರಡು ಸಾಲು ಬರೆಯಬೇಕು. ಬರೆದರೆ ಈ ಹುಡುಗನೂ ಜಾರಿದವನ ಕಾಲೆಳೆಯಬಹುದು. ಕಾಲೆಳೆಯಲು ಆಗದವನು ಆ ಗುಂಪಿನಲ್ಲಿ ಎಷ್ಟರ ಗೆಳೆಯ?

ಅದೇ ಗ್ರೂಪಿನಲ್ಲಿ ಹುಡುಗಿಗೆ ತೊಡಕಾಗುವುದು ವಾಯ್ಸ್ ಮೆಸೇಜು. ಮುಖ ಕಂಡರೆ ತುಟಿ ನೋಡಿಯಾದರೂ ಅರ್ಧ ಹಿಡಿಯುತ್ತಾಳೆ, ದನಿ ಮಾತ್ರ ಬಂದರೆ ಅದೂ ಇಲ್ಲ. ಮಳೆಗಾಲದಲ್ಲಂತೂ ತಗಡಿನ ಮಾಡಿನ ಕೆಳಗೆ ಹಿಯರಿಂಗ್ ಏಡ್ ಹಾಕಿಕೊಂಡವರ ಪಾಡು ನಿಮಗೆ ಗೊತ್ತು. ಅದು ಮೇಷ್ಟ್ರ ಮಾತನ್ನೂ ಮಳೆಯನ್ನೂ ಒಟ್ಟಿಗೇ ದೊಡ್ಡದು ಮಾಡಿ ಕಿವಿಗೆ ಸುರಿಯುತ್ತದೆ. ದಿನವಿಡೀ ಕಿವಿಗೊಟ್ಟು ದಣಿದ ಮಗು ರಾತ್ರಿ ರೀಲ್ಸ್ ನೋಡಿದರೆ ಅಲ್ಲೂ ಹೆಚ್ಚಿನವಕ್ಕೆ ಅಡಿಬರಹವಿಲ್ಲ. ಅವಳ ಎಲ್ಲ ಫೋಟೊದಲ್ಲೂ ಕೂದಲು ಬಲಗಿವಿಯ ಮೇಲೇ ಇಳಿಬಿದ್ದಿರುತ್ತದೆ ಎಂದು ಬರೆದಿರಲ್ಲ, ಅದು ಸ್ಟೈಲಲ್ಲ, ಅಕ್ಕ. ಯಂತ್ರ ಕಾಣಬಾರದು. ಅದಕ್ಕೇನೂ ಅನ್ನಬೇಡಿ. 'ಕೂದಲು ಹಿಂದೆ ಹಾಕು, ಧೈರ್ಯವಾಗಿರು' ಎಂಬ ಉಪದೇಶವೂ ಬೇಡ. ತನ್ನ ಹಾಗೆ ಯಂತ್ರ ಹಾಕಿಕೊಂಡ ಇನ್ನೊಂದು ಹುಡುಗಿಯನ್ನು ಅವಳು ಈವರೆಗೆ ಕಂಡೇ ಇಲ್ಲದಿರಬಹುದು. ತೀರ್ಥಹಳ್ಳಿಯ ಕಡೆಯ ಒಂದು ಹಳ್ಳಿಯಲ್ಲಿ ಅಂಥವಳು ಇನ್ನೆಲ್ಲಿ ಸಿಗಬೇಕು? ಸಿಕ್ಕರೆ ಫೋನಿನಲ್ಲೇ ಸಿಗಬೇಕು. ಕಿತ್ತುಕೊಳ್ಳಬೇಡಿ ಅಂದದ್ದು ಅದಕ್ಕೇ.

ನಮ್ಮ ಕೇರಿಯಲ್ಲೊಬ್ಬ ಹುಡುಗನಿದ್ದಾನೆ, ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ. ದೂರದ ಹಾಸ್ಟೆಲಿನಲ್ಲಿ ಓದುತ್ತಾನೆ. ರಜೆಗೆ ಬಂದರೆ ಮನೆಯಲ್ಲಿ ಊಟ, ಸ್ನಾನ, ನಿದ್ದೆಯ ಸನ್ನೆ ಬಿಟ್ಟು ಬೇರೆ ಮಾತಿಲ್ಲ, ನೆಂಟರಿಗೆ ಅವನು 'ಪಾಪ, ಮೂಗ'. ಅವನನ್ನು ವಿಡಿಯೊ ಕಾಲ್‌ನಲ್ಲಿ ನೋಡಬೇಕು. ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ, ಎರಡೂ ಕೈ ಬಿಡುವು ಮಾಡಿಕೊಂಡು, ಹಾಸ್ಟೆಲಿನ ವಾರ್ಡನ್ನರ ನಡಿಗೆಯನ್ನು ಮಾಡಿ ತೋರಿಸುತ್ತಾನೆ. ಅತ್ತಲಿನ ಹುಡುಗರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ವಾಟ್ಸ್‌ಆ್ಯಪ್‌ಗೆ ವಿಡಿಯೊ ಕಾಲ್ ಬಂದದ್ದು 2016ರ ನವೆಂಬರ್‌ನಲ್ಲಿ, ಜಿಯೊದಿಂದ ಡೇಟಾ ಅಗ್ಗವಾದದ್ದೂ ಅದೇ ವರ್ಷ. ಕಿವುಡ ಮಕ್ಕಳ ಪಾಲಿಗೆ ಅದು ದೂರವಾಣಿ ಬಂದ ವರ್ಷ ಅಂತ ನಾನು ಲೆಕ್ಕ ಹಾಕುತ್ತೇನೆ.

ಆದರೆ ಸಿಗ್ನಲ್ ಇರಬೇಕಲ್ಲ! ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ, 1035 ಮೆಗಾವ್ಯಾಟ್‌ನ ಶರಾವತಿ ಸ್ಥಾವರ ನಡೆಸಿ, ನಾಡಿಗೆಲ್ಲ ಬೆಳಕು ಕೊಟ್ಟ ಸೀಮೆ ನಮ್ಮದು. ಇಲ್ಲಿನ ಹಿನ್ನೀರಿನ ಹಳ್ಳಿಗಳವರು 'ನೋ ನೆಟ್‌ವರ್ಕ್, ನೋ ವೋಟಿಂಗ್' ಎಂದು ಚಳವಳಿ ಮಾಡಬೇಕಾಯಿತು. ಸಿಗ್ನಲ್ ಸೊರಗಿದಾಗ ಈ ಆ್ಯಪುಗಳು ಮೊದಲು ಚಿತ್ರವನ್ನು ಕೈಬಿಟ್ಟು ದನಿಯನ್ನು ಉಳಿಸಿಕೊಳ್ಳುತ್ತವೆ. ಕೇಳುವವರಿಗೆ ಅನುಕೂಲ. ನಮ್ಮ ಹುಡುಗನಿಗೆ ಎದುರಿನವನ ಕೈ ಅರ್ಧದಲ್ಲೇ ಕಲ್ಲಾಗಿ ನಿಲ್ಲುತ್ತದೆ, ಬೇಡದ ದನಿ ಮಾತ್ರ ಬರುತ್ತಿರುತ್ತದೆ.

ಇನ್ನೊಂದು ಮಾತು, ಇದು ನನಗೆ ಸಿಟ್ಟು ತರಿಸುವ ವಿಷಯ. ನಿಮ್ಮ ಹುಡುಗನಿಗೆ ಲಾಡು ತಿನ್ನಿಸಿ, ದುಃಖದ ಸಂಗೀತ ಹಾಕಿ ಯಾರೋ ರೀಲ್ ಮಾಡಿದ್ದಾರೆ ಎಂದಿರಿ. ಅವನನ್ನು ಕೇಳಿದ್ದರೆ? ಅಂಗವಿಕಲರನ್ನು ತೆರೆಯ ಮೇಲೆ ಹೇಗೆ ತೋರಿಸಬೇಕೆಂದು ಸುಪ್ರೀಂ ಕೋರ್ಟು 2024ರ ಜುಲೈನಲ್ಲಿ ಮಾರ್ಗಸೂಚಿಯನ್ನೇ ಕೊಟ್ಟಿದೆ, ಗೇಲಿ ಮಾಡುವುದನ್ನೂ ಮಹಾಸಾಧಕರೆಂದು ಅಟ್ಟಕ್ಕೇರಿಸುವುದನ್ನೂ ಅದು ಒಪ್ಪಿಲ್ಲ. ನಮ್ಮ ಜಿಲ್ಲೆಯವರೇ ಆದ ಶೇಖರ್ ನಾಯ್ಕ್ ಶಿವಮೊಗ್ಗದ ಶಾರದಾದೇವಿ ಅಂಧರ ಶಾಲೆಯಲ್ಲಿ ಓದಿದವರು. ಅವರ ನಾಯಕತ್ವದಲ್ಲಿ ಭಾರತ ಅಂಧರ ಕ್ರಿಕೆಟ್‌ನಲ್ಲಿ 2012ರ ಟಿ20 ವಿಶ್ವಕಪ್ ಗೆದ್ದಿತು, 2014ರಲ್ಲಿ ಏಕದಿನದ್ದನ್ನೂ. 2017ರಲ್ಲಿ ಪದ್ಮಶ್ರೀ ಬಂತು. ಆದರೂ ಅವರ ಮಾತು ಬಂದರೆ ನಮ್ಮ ಜನ 'ಕಣ್ಣಿಲ್ಲದಿದ್ದರೂ' ಎಂದು ಶುರು ಮಾಡಿ ಅಲ್ಲೇ ನಿಲ್ಲುತ್ತಾರೆ. ಗಿಲಕಿಯಂತೆ ಸದ್ದು ಮಾಡುವ ಚೆಂಡು, ನೆಲಕ್ಕೆ ತಾಗಿಸಿ ಹಾಕುವ ಬೌಲಿಂಗ್, ಅದನ್ನು ಸದ್ದು ಹಿಡಿದು ಸ್ವೀಪ್ ಮಾಡುವ ಚಾಕಚಕ್ಯತೆ, ಇದರ ಬಗ್ಗೆ ಯಾರೂ ಜಗಳವಾಡುವುದಿಲ್ಲ. ದ್ರಾವಿಡ್ ಆಟದ ಬಗ್ಗೆ ಮನೆಮನೆಯಲ್ಲಿ ಜಗಳವಾಡಿದವರು ನಾವು! ನಿಮ್ಮ ಹುಡುಗನಿಗೆ ಆ ರೀಲಿನಿಂದ ಸಾವಿರ ಲೈಕ್ ಬಂದಿರಬಹುದು, ಅವನು ನುಡಿಸುವ ಹಾರ್ಮೋನಿಯಂನಲ್ಲಿ ಸ್ವರ ತಪ್ಪಿತು ಎಂದು ಒಬ್ಬನೂ ಹೇಳಿರಲಾರ.

ಸದ್ಯಕ್ಕೆ ನೀವು ಮಾಡಬಹುದಾದ್ದು: ಹೋಂವರ್ಕನ್ನು ಕನ್ನಡ ಅಕ್ಷರದಲ್ಲೇ ಟೈಪ್ ಮಾಡಿ ಹಾಕಿ, ಆಗ ಇಬ್ಬರಿಗೂ ಸಿಗುತ್ತದೆ. ಹುಡುಗನನ್ನು ವಾಪಸ್ ಕರೆತಂದು ಗ್ರೂಪಿನ ಅಡ್ಮಿನ್ ಮಾಡಿ. ಎರಡು ಸಾಲು ಬರೆಯದೆ ಫೋಟೊ ಹಾಕಿದವರನ್ನೂ, ವಾಯ್ಸ್ ಮೆಸೇಜ್ ಕಳಿಸಿದವರನ್ನೂ ತರಾಟೆಗೆ ತೆಗೆದುಕೊಳ್ಳುವ ಕೆಲಸ ಅವನದಾಗಲಿ. ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಕೇಂದ್ರದವರು ಹತ್ತು ಸಾವಿರ ಪದಗಳ ನಿಘಂಟು ಮಾಡಿದ್ದಾರೆ, ವಿಡಿಯೊಗಳು ಯೂಟ್ಯೂಬಿನಲ್ಲಿ ಸಿಗುತ್ತವೆ. ಹುಡುಗಿಗೆ ತೋರಿಸಿ, ಬೇಕಾದರೆ ಕಲಿಯುತ್ತಾಳೆ, ಬೇಡವಾದರೆ ಬಿಡಲಿ. ಅವಳ ಅಮ್ಮನಿಗೆ ಮರೆಯದೆ ಹೇಳಿ, ಮಳೆಗಾಲದಲ್ಲಿ ರಾತ್ರಿ ಯಂತ್ರದ ಬ್ಯಾಟರಿ ತೆಗೆದು ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಬೇಕು, ತೇವಕ್ಕೆ ಬೇಗ ಹಾಳಾಗುತ್ತದೆ. ಹುಡುಗ ಅಡ್ಮಿನ್ ಆದ ಮೇಲೆ ಮೊದಲ ಬೈಗಳು ಯಾರಿಗೆ ಬಿತ್ತು ಅಂತ ಬರೆಯಿರಿ. ನಿಮಗೇ ಬೀಳುತ್ತದೆ ಅಂತ ನನ್ನ ಗುಮಾನಿ.

ನಿಮ್ಮವ