ಬಿಳಿಯ ಬಂಡಿಗೆ ಒಪ್ಪ

ಆಯುಧಪೂಜೆಗೆ ಇನ್ನೂ ಹತ್ತು ದಿನಗಳು ಉಳಿದಿದ್ದ ಒಂದು ಭಾನುವಾರದ ಪ್ರಾತಃಕಾಲ, ಮೈಸೂರಿನ ನಮ್ಮ ಮನೆಯ ಪೋರ್ಟಿಕೋದ ನೆರಳಿನಲ್ಲಿ ಎರಡು ಬಕೆಟ್ಟು, ಆರು ಬಟ್ಟೆ, ನಾಲ್ಕು ಸೀಸೆಗಳನ್ನು ಹೋಮದ ಸಾಮಗ್ರಿಯಂತೆ ಸಾಲಾಗಿ ಜೋಡಿಸಿಕೊಂಡು, ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ನನ್ನ ಹಳೆಯ ಬಿಳಿಯ ಮಾರುತಿ ಕಾರಿನ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತಿದ್ದಾಗ, ನೆರೆಮನೆಯ ರಾಯರು ಕಾಂಪೌಂಡಿನ ಗೋಡೆಯ ಮೇಲೆ ಮೊಣಕೈಯೂರಿ ಬಹಳ ಹೊತ್ತು ಸುಮ್ಮನೆ ನೋಡಿ, ಕಡೆಗೆ ಕೇಳಿದರು: “ಅಲ್ಲಾ ಸ್ವಾಮಿ, ಬೆಳ್ಳಗಿರೋದನ್ನ ಇನ್ನೆಷ್ಟು ಬೆಳ್ಳಗೆ ಮಾಡ್ತೀರಿ?”

ರಾಯರು ನಿವೃತ್ತ ಉಪಾಧ್ಯಾಯರು. ಅವರ ಪ್ರಶ್ನೆಗಳಿಗೆ ಒಂದು ವಾಕ್ಯದಲ್ಲಿ ಉತ್ತರಿಸಬೇಕೆಂಬುದು ಅಲಿಖಿತ ನಿಯಮ. ನನಗೆ ಆ ಒಂದು ವಾಕ್ಯ ದೊರೆಯಲಿಲ್ಲ. “ಏನೋ, ಹಬ್ಬ ಬಂತಲ್ಲ ರಾಯರೆ” ಎಂದು ನಕ್ಕು ತಲೆ ತಗ್ಗಿಸಿದೆನು. ಅಂದು ಕೊಡಲಾಗದ ಉತ್ತರವನ್ನು ಈಗ ಸಾವಕಾಶವಾಗಿ ಬರೆಯುತ್ತಿದ್ದೇನೆ. ಮಿತಿಮೀರಿದುದಕ್ಕೆ ಅವರು ಅಂಕಗಳನ್ನು ಕಳೆಯಲಿ.

ಪ್ರಶ್ನೆಯೇನೋ ಸಹಜವಾದದ್ದೇ. ರಾಯರ ಮಗನ ಕಾರು ಕಪ್ಪು. ಕರಿಯ ಬಣ್ಣದ ವಾಹನವನ್ನು ಅರ್ಧ ಗಂಟೆ ಉಜ್ಜಿದರೆ ಸಾಕು, ಎದುರುಮನೆಯ ತೆಂಗಿನಮರವೂ ಆಕಾಶದ ಮೋಡವೂ ಅದರ ಬಾಗಿಲಿನೊಳಕ್ಕೆ ಇಳಿದುಬಂದು, ಉಜ್ಜಿದವನ ಮುಖವನ್ನೇ ಅವನಿಗೆ ತೋರಿಸಿ ಕೂಲಿಯನ್ನು ಅಲ್ಲಿಯೇ ತೀರಿಸಿಬಿಡುತ್ತದೆ. ಬಿಳಿಯದರ ಸ್ವಭಾವ ಬೇರೆ. ಅದರ ಬಣ್ಣದೊಳಗಿರುವ ಟೈಟೇನಿಯಂ ಡೈಆಕ್ಸೈಡ್ ಎಂಬ ಧವಳ ಚೂರ್ಣದ ಕಣಗಳು ಬಿದ್ದ ಬೆಳಕನ್ನೆಲ್ಲ ದಿಕ್ಕುದಿಕ್ಕಿಗೆ ಎರಚಿಬಿಡುವುದರಿಂದ, ಮೇಲ್ಮೈಯಲ್ಲಿ ತೇಲುವ ಪ್ರತಿಬಿಂಬವು ಆ ಬಿಳುಪಿನ ಪ್ರವಾಹದಲ್ಲಿ ಕೊಚ್ಚಿಹೋಗುತ್ತದೆ. ಗೀರುಗಳು ಕಾಣವು, ಗೀರುಗಳನ್ನು ತೆಗೆದದ್ದೂ ಕಾಣದು. ಕೊಳೆಯನ್ನು ಮಾತ್ರ ಹತ್ತು ಮಾರು ದೂರದಿಂದ ಸಾರಿ ಹೇಳಿ, ಶ್ರಮವನ್ನು ಹತ್ತಿರ ಬಂದರೂ ತೋರಿಸದಿರುವುದು ಬಿಳಿಯ ಕಾರಿನ ಗುಣ.

ಕನ್ನಡದಲ್ಲಿ ‘ಒಪ್ಪ’ವೆಂಬ ಚೆಲುವಾದ ಹಳೆಯ ಮಾತೊಂದುಂಟು. ಒಡವೆಗೆ, ಕನ್ನಡಿಗೆ, ಕತ್ತಿಗೆ ಮೆರುಗು ಕೊಡುವುದು ಒಪ್ಪವಿಡುವುದು. ಮನೆಯನ್ನು ಅಚ್ಚುಕಟ್ಟಾಗಿ ಇಟ್ಟುಕೊಳ್ಳುವುದು ಒಪ್ಪ ಓರಣ. ಹಿಂದಿನವರು ಕಾಗದಪತ್ರಗಳ ಕೆಳಗೆ ಹಾಕುತ್ತಿದ್ದ ರುಜುವಿಗೂ ಒಪ್ಪವೆಂದೇ ಹೆಸರು. ನಾಗರಿಯಲ್ಲಿ ಕೊರೆದ ವಿಜಯನಗರದ ತಾಮ್ರಶಾಸನಗಳ ಕೊನೆಯಲ್ಲಿ, ಎಲ್ಲ ಹೇಳಿ ಮುಗಿಸಿದ ಮೇಲೆ, ದೊಡ್ಡ ಕನ್ನಡ ಅಕ್ಷರಗಳಲ್ಲಿ ‘ಶ್ರೀ ವಿರೂಪಾಕ್ಷ’ ಎಂದು ಕಾಣುವುದು ಅರಸನ ಒಪ್ಪ. ಹೊಳಪಿಗೂ ಒಪ್ಪಿಗೆಗೂ ನಮ್ಮ ಹಿರಿಯರು ಒಂದೇ ಮಾತನ್ನು ಏಕೆ ಇಟ್ಟರೆಂಬುದು ನನಗೆ ಅರಿವಾದದ್ದು ಈ ಕಾರಿನಿಂದ.

ಈ ಸಾಹಸಕ್ಕೆಲ್ಲ ಮೂಲಕಾರಣ ಕಳೆದ ವರ್ಷದ ಕುಂಕುಮ. ಆಯುಧಪೂಜೆಯ ದಿನ ನನ್ನ ಹೆಂಡತಿ ಕಾರಿನ ಮೂತಿಯ ಮೇಲೆ ಅರಿಸಿನದಿಂದ ಸ್ವಸ್ತಿಕವನ್ನು ಬರೆದು, ನಡುವೆ ಒದ್ದೆ ಕುಂಕುಮದ ಬೊಟ್ಟನ್ನಿಟ್ಟಿದ್ದಳು. ಅರಿಸಿನವು ನಾಲ್ಕು ದಿನದ ಬಿಸಿಲಿಗೆ ತಾನಾಗಿಯೇ ಮಾಸಿತು. ಕುಂಕುಮವಾದರೋ ತೊಳೆದಷ್ಟೂ ತಿಳಿಗುಲಾಬಿಯಾಗಿ ಹರಡಿ, ವರ್ಷವಿಡೀ ಅಲ್ಲಿಯೇ ನೆಲೆಸಿತು. ಇಪ್ಪತ್ತು ವರ್ಷಗಳ ಬಿಸಿಲಿಗೆ ಬಣ್ಣದ ಅಂಟು ಸವೆದು, ಒಳಗಿನ ಬಿಳಿಯ ಚೂರ್ಣ ಸುಣ್ಣದಂತೆ ಮೇಲೆದ್ದು, ಗಾಜಿನಂತಿರಬೇಕಾದ ಮೇಲ್ಮೈ ಸೀಮೆಸುಣ್ಣದಂತೆ ನೀರು ಕುಡಿಯುವ ಸ್ಥಿತಿಗೆ ಬಂದಿತ್ತೆಂಬುದು ಆಮೇಲೆ ತಿಳಿಯಿತು. ಕಾರುಗಳಿಗೆ ಲೇಪ ಹಾಕುವ ಅಂಗಡಿಯೊಂದಕ್ಕೆ ಹೋದರೆ, ಅಲ್ಲಿಯ ತರುಣನು ಕಾರಿನ ಬೆಲೆಯ ಮೂರನೆಯ ಒಂದು ಪಾಲನ್ನು ಕಾರಿನ ಹೊಳಪಿಗೆ ಕೇಳಿದನು. ನಾನು ವಿನಯದಿಂದ ಹಿಂದಿರುಗಿ, ಅದೇ ಕೆಲಸವನ್ನು ಸ್ವಹಸ್ತದಿಂದ ಮಾಡುವ ಸಂಕಲ್ಪವನ್ನು ಮಾಡಿದೆನು.

ತೊಳೆಯುವುದರಲ್ಲಿಯೇ ನನ್ನ ಅಜ್ಞಾನ ಹೊರಬಿತ್ತು. ನಮ್ಮ ಕಡೆಯ ಹಳೆಯ ಡ್ರೈವರುಗಳು ಬಕೆಟ್ಟಿನ ನೀರಿಗೆ ನಾಲ್ಕು ತೊಟ್ಟು ಸೀಮೆಎಣ್ಣೆ ಹಾಕಿ ಒರೆಸುತ್ತಿದ್ದರು. ಹೊಳಪು ಸಂಜೆಯವರೆಗೆ ಇರುತ್ತಿತ್ತು, ಅದಕ್ಕೆ ಮೆತ್ತಿದ ಧೂಳು ಮಾತ್ರ ಮರುದಿನವೂ ಇರುತ್ತಿತ್ತು. ನಾನು ಬಟ್ಟೆಯ ಸೋಪಿನ ಪುಡಿಯನ್ನೇ ಬಳಸಿದವನು. ಅದು ಕೊಳೆಯೊಡನೆ ಇದ್ದಬದ್ದ ಮೇಣವನ್ನೂ ಕಿತ್ತುಕೊಂಡು ಹೋಗುತ್ತದೆ. ಈ ಸಲ ಒಂದು ಬಕೆಟ್ಟಿನಲ್ಲಿ ಶಾಂಪು, ಇನ್ನೊಂದರಲ್ಲಿ ಬರಿಯ ನೀರು. ಬಟ್ಟೆಯನ್ನು ಪ್ರತಿ ಸಲವೂ ಬರಿಯ ನೀರಿನಲ್ಲಿ ಜಾಲಿಸಿ ಮರಳನ್ನು ಅಲ್ಲಿಯೇ ಬಿಟ್ಟು, ಅನಂತರವೇ ಶಾಂಪುವಿಗೆ ಅದ್ದುವುದು. ಎಂಜಲು ಕೈಯನ್ನು ಹಿಟ್ಟಿನ ಡಬ್ಬಕ್ಕೆ ಹಾಕಬಾರದೆಂದು ನನ್ನ ತಾಯಿ ಕಲಿಸಿದ್ದ ಮಡಿಯೇ ಇದು. ಅಡಿಗೆಮನೆಯಿಂದ ಅಂಗಳಕ್ಕೆ ಬರುವಷ್ಟರಲ್ಲಿ ನನಗೆ ಮರೆತುಹೋಗಿತ್ತು.

ತೊಳೆದು ಒರೆಸಿದ ಕಾರು ಕಣ್ಣಿಗೆ ನಿಷ್ಕಳಂಕವಾಗಿ ತೋರಿತು. ಆಗ, ಯಾರೋ ಬಲ್ಲವರು ಹೇಳಿಕೊಟ್ಟಿದ್ದಂತೆ, ತರಕಾರಿ ತರುವ ತೆಳುವಾದ ಪ್ಲಾಸ್ಟಿಕ್ ಚೀಲವೊಂದನ್ನು ಕೈಗೆ ತೊಟ್ಟುಕೊಂಡು ಬೆರಳ ತುದಿಗಳನ್ನು ಕಾರಿನ ತಲೆಯ ಮೇಲೆ ಹಗುರವಾಗಿ ಜಾರಿಸಿದೆನು. ಎಂತಹ ವಿಸ್ಮಯ! ಕಣ್ಣಿಗೆ ಹಾಲಿನ ಕೆನೆಯಂತಿದ್ದ ಜಾಗವು ಬೆರಳಿಗೆ ರವೆ ಚೆಲ್ಲಿದ ನೆಲದಂತಿತ್ತು. ಮಾವಿನಮರದಿಂದ ಉದುರಿದ ಜಿಗಿ, ಬೋರ್‌ವೆಲ್ಲಿನ ಗಡಸು ನೀರು ಆರಿ ಉಳಿದ ಸುಣ್ಣದ ಚುಕ್ಕೆ, ಬ್ರೇಕುಗಳು ಸವೆದಾಗಲೂ ಅಶೋಕಪುರಂ ಕಡೆಯ ರೈಲುಹಳಿಯಿಂದಲೂ ಹಾರಿಬಂದು ನಾಟಿಕೊಂಡ ಕಬ್ಬಿಣದ ಕಣಗಳು, ಎಲ್ಲವೂ ಅಲ್ಲಿ ಸಂಸಾರ ಹೂಡಿದ್ದವು. ಬಗ್ಗಿ ನೋಡಿದಾಗ, ಸಾಸಿವೆಯ ಹತ್ತನೆಯ ಒಂದಂಶದಷ್ಟಿರುವ ಕಿತ್ತಳೆ ಬಣ್ಣದ ಚುಕ್ಕೆಗಳು ಅಲ್ಲಲ್ಲಿ ಕಂಡವು. ಅವು ತುಕ್ಕು ಹಿಡಿದ ಆ ಕಣಗಳೇ.

ಅದಕ್ಕೊಂದು ದ್ರವವುಂಟು. ಸಿಂಪಡಿಸಿದ ಎರಡು ಮೂರು ನಿಮಿಷಗಳಲ್ಲಿ ಅದು ಕಬ್ಬಿಣದೊಡನೆ ಬೆರೆತು ನೇರಳೆ ಬಣ್ಣಕ್ಕೆ ತಿರುಗಿ, ಬಿಳಿಯ ಬಾಗಿಲುಗಳ ಮೇಲೆ ನೇರಿಳೆಹಣ್ಣಿನ ರಸದಂತೆ ಧಾರೆಧಾರೆಯಾಗಿ ಇಳಿಯತೊಡಗಿತು. ಅದರ ದುರ್ಗಂಧವು ಅಡಿಗೆಮನೆಗೂ ಮುಟ್ಟಿ, ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದು, “ಏನ್ರೀ ಇದು, ಹೆಗ್ಗಣ ಸತ್ತ ಹಾಗೆ!” ಎಂದಳು. ಆದರೂ, ನಿರ್ಮಲವೆಂದು ನಾನು ನಂಬಿದ್ದ ಬಿಳುಪಿನಿಂದ ಅಷ್ಟೊಂದು ನೇರಳೆ ಹರಿಯುವುದನ್ನು ನೋಡುತ್ತ ಇಬ್ಬರೂ ಒಂದು ಕ್ಷಣ ಮೌನವಾಗಿ ನಿಂತೆವು.

ಉಳಿದುದನ್ನು ತೆಗೆಯಲು ಚಕ್ಕುಲಿಯ ಹಿಟ್ಟಿನಷ್ಟು ಮೆದುವಾದ, ಜೇಡಿಯಂತಹ ಒಂದು ಉಂಡೆ. ಸೋಪಿನ ನೀರು ಚಿಮುಕಿಸಿ ಅದನ್ನು ಒತ್ತದೆ ಜಾರಿಸುತ್ತ ಹೋದರೆ, ಮೊದಲು ಸರಸರ ಸದ್ದು. ಐದಾರು ಸಲವಾದ ಮೇಲೆ ಸದ್ದು ಅಡಗುತ್ತದೆ, ಕೈ ತಾನೇ ತೇಲಿದಂತಾಗುತ್ತದೆ. ಕೊಳೆಯಾದಾಗ ನಾದಿ ಹೊಸ ಮುಖವನ್ನು ಹೊರಗೆ ಮಾಡಬೇಕು. ಅಪ್ಪಿತಪ್ಪಿ ನೆಲಕ್ಕೆ ಬಿದ್ದರೆ, ಎಷ್ಟೇ ಕಾಸು ಕೊಟ್ಟದ್ದಾಗಿರಲಿ, ಎಸೆದುಬಿಡಬೇಕು. ಒಂದು ಮರಳಿನ ಕಣ ಸಾಕು, ಕಾರಿನ ಮೈಯೆಲ್ಲ ಗೀಚಲು.

ಅನಂತರ ನಿಜವಾದ ಒಪ್ಪ. ಪಾಲಿಷ್ ಎಂದು ನಾವು ಕರೆಯುವ ಬಿಳಿಯ ಲೇಹ್ಯದಲ್ಲಿ ಸಾಮಾನ್ಯವಾಗಿ ಇರುವುದು ಅಲ್ಯೂಮಿನಿಯಂ ಆಕ್ಸೈಡಿನ ನುಣುಪಾದ ಪುಡಿ. ಆ ದ್ರವ್ಯವೇ ಭೂಗರ್ಭದಲ್ಲಿ ಹರಳುಗಟ್ಟಿದರೆ ನಮ್ಮವರ ಕುರುವಿಂದ. ಅದನ್ನು ಅರೆದು ಅರಗಿನಲ್ಲಿ ಕಲಸಿ ಮಾಡಿದ ಚಕ್ರಗಳಲ್ಲಿಯೇ ಈ ದೇಶದ ಸಾಣೆಗಾರರು ರತ್ನಗಳನ್ನೂ ಕತ್ತಿಗಳನ್ನೂ ಹಿಡಿಯುತ್ತಿದ್ದರು. ಒಪ್ಪವಿಡುವುದೆಂದರೆ ಏನನ್ನೋ ಕೂಡಿಸುವುದೆಂದು ನಾನು ತಿಳಿದಿದ್ದೆನು. ಅದು ಕಳೆಯುವ ಕ್ರಿಯೆ. ತಗಡಿನ ಮೇಲಿನ ಬಣ್ಣದ ಪದರಗಳೆಲ್ಲ ಸೇರಿದರೂ ದಪ್ಪವು ಸುಮಾರು 100ರಿಂದ 150 ಮೈಕ್ರಾನ್, ಎಂದರೆ ಎರಡು ತಲೆಗೂದಲುಗಳಷ್ಟು. ಅದರೊಳಗೇ ಸತ್ತ ಪದರವನ್ನು ಹೆರೆದು ಜೀವವಿರುವುದನ್ನು ಉಳಿಸಬೇಕು. ಇಂದಿನ ಹಲವು ಕಾರುಗಳ ಬಣ್ಣದ ಮೇಲೆ ಪಾರದರ್ಶಕವಾದ ವಾರ್ನಿಷಿನ ಕವಚವಿರುತ್ತದೆ. ನನ್ನದಕ್ಕೆ ಅದಿಲ್ಲವೆಂಬುದನ್ನು ಬಟ್ಟೆಯೇ ಹೇಳಿತು: ಗುಲಾಬಿ ಕಲೆಯಿದ್ದೆಡೆ ಅಂಗೈಯಗಲದಷ್ಟನ್ನು ಉಜ್ಜಿ ನೋಡಿದರೆ, ನೀಲಿಯ ಬಟ್ಟೆಗೆ ಬಿಳಿಯ ಬಣ್ಣ ಮೆತ್ತಿತ್ತು, ಅದರ ನಡುವೆ ಕಂಡೂ ಕಾಣದ ಗುಲಾಬಿಯ ಛಾಯೆ. ಹಿತ್ತಲಿನಲ್ಲಿ ಹುಣಿಸೆಹಣ್ಣು ಹಚ್ಚಿ ಹಿತ್ತಾಳೆಯ ಹಂಡೆಯನ್ನು ತಿಕ್ಕುತ್ತಿದ್ದ ನನ್ನ ತಾಯಿಯ ಕಪ್ಪಾದ ಅಂಗೈ ನೆನಪಾಯಿತು. ಪಾತ್ರೆಯ ಹೊಳಪನ್ನು ಹೊಗಳಿದವರು ಬಹಳ ಜನ. ಆ ಅಂಗೈಯನ್ನು ತಿರುಗಿಸಿ ನೋಡಿದವರು ಯಾರೂ ಇರಲಿಲ್ಲ.

ಭಾನುವಾರವೆಲ್ಲ ಉಜ್ಜುವುದಕ್ಕೆ ಸಂದಿತು. ಮೇಲುಲೇಪವನ್ನು ಮರುದಿನ ಬೆಳಿಗ್ಗೆ, ತಗಡು ತಣ್ಣಗಿರುವಾಗ, ಹಚ್ಚಿದೆನು. ಪಾಲಿಷ್ ಶುದ್ಧಿ ಮಾಡುವುದೇ ಹೊರತು ರಕ್ಷಿಸದು. ರಕ್ಷಣೆ ಮೇಣದ ಕೆಲಸ. ಹಿಂದಿನಿಂದ ಹೆಸರಾದದ್ದು ಬ್ರೆಜಿಲ್ಲಿನ ಈಶಾನ್ಯದ ಒಣಸೀಮೆಯಲ್ಲಿ ಬೆಳೆಯುವ ಒಂದು ತಾಳೆಯ ಮೇಣ, ಕಾರ್ನೌಬ. ತನ್ನ ನೀರು ಬಿಸಿಲಿಗೆ ಆರಿಹೋಗದಂತೆ ಆ ಮರವು ಎಲೆಗಳ ಮೇಲೆ ಸ್ರವಿಸಿಕೊಳ್ಳುವ ಕವಚವದು. 80 ಡಿಗ್ರಿ ದಾಟಿದಲ್ಲದೆ ಕರಗದು. ಗಾಢವರ್ಣಗಳಿಗೆ ಅದು ಕೊಡುವ ಬೆಚ್ಚನೆಯ ಕಾಂತಿ ಬಿಳಿಗೆ ಅಷ್ಟಾಗಿ ಪ್ರಯೋಜನವಿಲ್ಲ, ನಮ್ಮ ಬಿಸಿಲು ಮಳೆಗಳಲ್ಲಿ ಕೆಲವು ವಾರಗಳಿಗಿಂತ ಹೆಚ್ಚಾಗಿ ನಿಲ್ಲುವುದೂ ಇಲ್ಲ. ಆದುದರಿಂದ ಕೆಲವು ತಿಂಗಳು ಬಾಳುವ ಕೃತಕ ಸೀಲೆಂಟನ್ನೇ ಆರಿಸಿಕೊಂಡೆನು. ತೆಳ್ಳಗೆ ಹಚ್ಚಿ, ಕಾಲು ಗಂಟೆ ಆರಲು ಬಿಟ್ಟು, ಮಬ್ಬು ಕವಿದ ಮೇಲೆ ಒರೆಸಬೇಕೆಂದು ಸೀಸೆಯ ಮೇಲೆ ಬರೆದಿತ್ತು. ಬಿಳಿಯ ಮೇಲಿನ ಬಿಳಿಯ ಮಬ್ಬನ್ನು ಕಾಣುವುದು ಹೇಗೆಂದು ಬರೆದಿರಲಿಲ್ಲ. ಎಲ್ಲಿ ಹಚ್ಚಿದೆ, ಎಲ್ಲಿ ಬಿಟ್ಟೆ, ಎಲ್ಲಿ ಒರೆಸಿದೆ ಎಂಬುದೊಂದೂ ತಿಳಿಯದೆ, ತಲೆಯನ್ನು ಓರೆಮಾಡಿ, ಟಾರ್ಚನ್ನು ಮಗ್ಗುಲಿಗೆ ಹಿಡಿದು, ಕಡೆಗೆ ಮುಂಗೈಯಿಂದ ತಡವಿ ನೋಡುತ್ತ, ಕುರುಡನು ಮಗುವಿನ ಮುಖವನ್ನು ಗುರುತಿಸುವಂತೆ ನನ್ನ ಕಾರನ್ನು ಗುರುತಿಸಿದೆನು. ನೆತ್ತಿಯ ನಡುಭಾಗ ನನ್ನ ಗಿಡ್ಡ ತೋಳುಗಳಿಗೆ ನಿಲುಕದು. ಒಳಗಿನಿಂದ ಸ್ಟೂಲು ತರಲು ಮನಸ್ಸಾಗದೆ, ಎಡಗಡೆಯಿಂದೊಮ್ಮೆ ಬಲಗಡೆಯಿಂದೊಮ್ಮೆ ತುದಿಗಾಲಿನಲ್ಲಿ ನಿಂತು ಕೈಚಾಚಿ, ಎರಡು ಕಡೆಯ ಲೇಪಗಳೂ ನಡುವೆ ಕೂಡಿಕೊಂಡಿರಬೇಕೆಂದು ಸಮಾಧಾನ ಮಾಡಿಕೊಂಡೆನು.

ಎಲ್ಲವೂ ಮುಗಿದಾಗ ರಾಯರು ಬಂದು ಒಂದು ಸುತ್ತು ಹಾಕಿ, “ಮೊದಲು ಹೇಗಿತ್ತೋ ಹಾಗೇ ಇದೆ” ಎಂದರು. ಆ ತೀರ್ಪಿನಲ್ಲಿ ಮಾತ್ಸರ್ಯವಿರಲಿಲ್ಲ, ಸತ್ಯವೇ ಇತ್ತು. ನನಗೂ ಹಾಗೆಯೇ ಕಂಡಿತು. ಎರಡು ದಿನಗಳ ದುಡಿಮೆ ಕಣ್ಣೆದುರಿಗೆ ನಿಂತೂ ಕಾಣದಿರುವಾಗ, ಮಾಡಿದವನಿಗೇ ತಾನು ಮಾಡಿದೆನೆ ಎಂಬ ಸಂಶಯವುಂಟಾಗುವುದು ವಿಚಿತ್ರವಾದ ಅನುಭವ. ನನ್ನ ಕೆಲಸಕ್ಕೆ ನಾನೇ ರುಜು ಹಾಕಿಕೊಳ್ಳುವಂತಿರಲಿಲ್ಲ. ಬೇರೆ ಯಾರೋ ಹಾಕಬೇಕಾಗಿತ್ತು.

ಆಯುಧಪೂಜೆಯ ದಿನ ಎಂದಿನಂತೆ ಚಕ್ರಗಳಡಿ ನಿಂಬೆಹಣ್ಣು, ಹಾದಿಯಲ್ಲಿ ಒಡೆದ ಬೂದುಗುಂಬಳ, ಮೂತಿಯ ಮೇಲೆ ಸ್ವಸ್ತಿಕ, ನಡುವೆ ಕುಂಕುಮ. ಹೆಂಡತಿ ಬೊಟ್ಟಿಡುವ ಮುನ್ನ ಒಮ್ಮೆ ನನ್ನ ಮುಖವನ್ನು ನೋಡಿದಳು; “ಇಡು” ಎಂದೆನು. ಅಂದು ರಾತ್ರಿ ಹಸ್ತೆಯ ಮಳೆ ಹೊಡೆಯಿತು. ಬೆಳಿಗ್ಗೆ ಎದ್ದು ಗೇಟಿನ ಹೊರಗೆ ನಿಂತಿದ್ದ ಕಾರನ್ನು ನೋಡಲು ಹೋದರೆ, ಅದರ ಮೈಯೆಲ್ಲ ಕೆಸುವಿನ ಎಲೆಯಾಗಿತ್ತು: ಕಡಲೆಕಾಳಿನಷ್ಟು ದುಂಡಗಿನ ಹನಿಗಳು ಒತ್ತೊತ್ತಾಗಿ ನಿಂತು, ಬೆರಳು ತಾಕಿಸಿದೊಡನೆ ಒಂದನ್ನೊಂದು ಕೂಡಿ ಜಾರಿಹೋಗುತ್ತಿದ್ದವು. ಕುಂಕುಮ ಕರಗಿ ಒಂದು ಕೆಂಪು ಎಳೆಯಾಗಿ ಬಂಪರಿನವರೆಗೆ ಇಳಿದಿತ್ತು. ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿದೆನು, ಕೆಳಗೆ ಬಿಳುಪಲ್ಲದೆ ಬೇರೇನೂ ಇರಲಿಲ್ಲ.

ರಾಯರೂ ಹಾಲಿನ ಪ್ಯಾಕೆಟ್ಟು ಹಿಡಿದು ಬಂದು ನಿಂತರು. ಅವರು ನನಗಿಂತ ಒಂದು ಗೇಣು ಎತ್ತರ. ಹನಿಗಳನ್ನು ಬಹಳ ಹೊತ್ತು ನೋಡಿ, ಏನೋ ಹೊಗಳುವವರಂತೆ ಬಾಯಿ ತೆರೆದು, ಆಮೇಲೆ ಕನ್ನಡಕವನ್ನು ಸರಿಪಡಿಸಿಕೊಂಡು, ಕಾಪಿಪುಸ್ತಕದಲ್ಲಿ ತಪ್ಪು ಕಂಡ ಮೇಷ್ಟರ ಆನಂದದಿಂದ ನೆತ್ತಿಯ ನಡುವಿಗೆ ಬೆರಳು ತೋರಿಸಿದರು: “ಇಲ್ಲೊಂದು ಕಡೆ ಬಿಟ್ಟುಹೋಗಿದೆಯಲ್ರೀ!”

ತುದಿಗಾಲಿನಲ್ಲಿ ನಿಂತು ನೋಡಿದೆನು. ಸುತ್ತಲೂ ಹನಿಗಳು ಮುತ್ತು ಸುರಿದಂತಿರುವಾಗ, ಅಲ್ಲಿ ಮಾತ್ರ ಎರಡು ಅಂಗೈಯಗಲದಷ್ಟು ನೀರು ಚಪ್ಪಟೆಯಾಗಿ ಹರಡಿ ಮಲಗಿತ್ತು. ರಾತ್ರಿಯ ಮಳೆ ಕಾರಿನ ಉದ್ದಗಲಕ್ಕೂ ತನ್ನ ಒಪ್ಪವನ್ನು ಹಾಕಿ, ನಾನು ಸೋಮಾರಿಯಾದ ಆ ಒಂದೆಡೆಯಲ್ಲಿ ಹಾಕದೆ ಹೋಗಿತ್ತು. ರಾಯರ ಪ್ರಶ್ನೆಗೆ ಆಗಲೂ ಒಂದು ವಾಕ್ಯದ ಉತ್ತರ ಹೊಳೆಯಲಿಲ್ಲ. ಸ್ಟೂಲು ತರಲು ಒಳಗೆ ಹೋದೆನು.