ಹಸಿರು ನೀರಲ್ಲಿ ಮೇಯುವ ಜೀವಗಳು

ಬೆಳಗಿನ ಐದೂವರೆ. ಹುಬ್ಬಳ್ಳಿಯ ಉಣಕಲ್ ಕೆರೆಯ ದಂಡೆಯಲ್ಲಿ ನಿಂತಿದ್ದೀರಿ. ನೀರಿನ ನಡುವಿನ ವಿವೇಕಾನಂದರ ಮೂರ್ತಿ ನಸುಗತ್ತಲಲ್ಲಿ ಇನ್ನೂ ಬರೀ ನೆರಳು. ಅಂತರಗಂಗೆ ಕಳೆ ಹಬ್ಬಿರದ ಕಡೆ ಬಾಗಿ ಬಕೆಟ್ ಅದ್ದುತ್ತೀರಿ. ಕೊಳೆತ ಹುಲ್ಲಿನಂಥ ವಾಸನೆ ಮೂಗಿಗೆ ಬಡಿಯುತ್ತದೆ.

ನೀರನ್ನು ತೆಳು ಅರಿವೆಯಲ್ಲಿ ಸೋಸಿ. ನಾರುಹುಣ್ಣು ಕಾಡುತ್ತಿದ್ದ ಕಾಲದಲ್ಲಿ ಕುಡಿಯುವ ನೀರನ್ನು ಹೀಗೇ ಸೋಸುತ್ತಿದ್ದರು. ಆ ಹುಳುವಿನ ಮರಿಯನ್ನು ಹೊತ್ತು ತರುತ್ತಿದ್ದದ್ದು ಸೈಕ್ಲಾಪ್ಸ್ ಎಂಬ ಚುಕ್ಕಿಯಷ್ಟು ಜೀವಿ. ಅರಿವೆಯಲ್ಲಿ ಉಳಿದದ್ದನ್ನು ಗಾಜಿನ ಲೋಟಕ್ಕೆ ತೊಳೆದು, ಟಾರ್ಚ್ ಹಿಡಿದು, ಭೂತಗನ್ನಡಿಯಲ್ಲಿ ನೋಡಿ.

ಸೈಕ್ಲಾಪ್ಸ್ ಸರ್ರನೆ ಸರಿಯುತ್ತದೆ. ಪಕ್ಕದಲ್ಲಿ ಪುಟ್ಟಪುಟ್ಟ ಜಿಗಿತ ಹಾಕುವುದು ನೀರುಚಿಗಟ. ಅದರ ಮೈ ಗಾಜಿನಂತೆ. ಒಳಗಿನ ಕರುಳು ಹಸಿರು. ಈಗಷ್ಟೇ ಪಾಚಿ ಮೇದಿದೆ. ಕಾಲುಗಳನ್ನು ಬಡಿಯುತ್ತ ನೀರನ್ನು ಎಳೆದು, ಪಾಚಿಯ ಕಣಗಳನ್ನು ಸೋಸಿ ತಿನ್ನುವುದೇ ಅದರ ಬದುಕು. ಮೀನಿನ ಕಣ್ಣಿಗೆ ಬೀಳದಿರಲು ಇಂಥ ಎಷ್ಟೋ ಜೀವಿಗಳು ಕತ್ತಲಲ್ಲಿ ಮೇಲೆ ಬಂದು, ಬೆಳಕು ಹರಿದಂತೆ ತಳಕ್ಕಿಳಿಯುತ್ತವೆ.

ಬೆಳಕು ಹರಿಯಿತು. ಗಾಳಿ ನಿಂತ ಮೂಲೆಯಲ್ಲಿ ಬಣ್ಣ ಚೆಲ್ಲಿದಂತೆ ಹಸಿರು ಕೆನೆ ಕಾಣುತ್ತಿದೆ. ಗಟಾರದ ನೀರುಂಡ ಕೆರೆಗಳಲ್ಲಿ ಹೀಗೆ ಕೆನೆಗಟ್ಟುವುದು ಹೆಚ್ಚಾಗಿ ಮೈಕ್ರೋಸಿಸ್ಟಿಸ್ ಎಂಬ ನೀಲಿಹಸಿರು ಪಾಚಿ. ಅದರ ಕೋಶಗಳಲ್ಲಿ ಗಾಳಿಚೀಲಗಳಿವೆ, ಅದಕ್ಕೇ ತೇಲುತ್ತದೆ. ಲೋಳೆಯಲ್ಲಿ ಗುಂಪುಗಟ್ಟುವುದರಿಂದ ಚಿಗಟದ ಬಾಯಿಗೆ ಹಿಡಿಯದು. ಎಷ್ಟೋ ಸಲ ಅದರಲ್ಲಿ ವಿಷವೂ ಇರುತ್ತದೆ. ದನಗಳು ಹುಲ್ಲು ಮೇದು ಕಾಂಗ್ರೆಸ್ ಕಸ ಬಿಟ್ಟರೆ ಹೊಲದ ತುಂಬ ಅದೇ ಹಬ್ಬುವುದಿಲ್ಲವೇ? ಇಲ್ಲಿ ಆಗುವುದೂ ಅದೇ. ಮೇಲಾಗಿ, ಮೀನು ಮೊದಲು ಹಿಡಿಯುವುದು ಚೆನ್ನಾಗಿ ಮೇಯುವ ದೊಡ್ಡ ಚಿಗಟಗಳನ್ನೇ. ಬ್ರೂಕ್ಸ್ ಮತ್ತು ಡಾಡ್ಸನ್ ಎಂಬ ವಿಜ್ಞಾನಿಗಳು ಇದನ್ನು 1965ರಲ್ಲಿ ಅಮೆರಿಕದ ಕೆರೆಗಳಲ್ಲಿ ತೋರಿಸಿಕೊಟ್ಟರು.

ವಾಕಿಂಗಿಗೆ ಬಂದ ಹಿರಿಯರೊಬ್ಬರು ನಿಲ್ಲುತ್ತಾರೆ. “ಔಷಧ ಹೊಡದ್ರ ಇದು ಹೋಗಂಗಿಲ್ಲೇನ್ರಿ?”

“ಸಾಯತೈತ್ರಿ, ಆದ್ರ ಒಳಗಿನ ವಿಷ ನೀರಿಗಿ ಬಿಡತೈತಿ. ಕೊಳತು ಆಕ್ಸಿಜನ್ ತಿಂತೈತಿ, ಮೀನ ಸಾಯ್ತಾವು. ಗೊಬ್ಬರ ಮಾತ್ರ ಕೆರ್‍ಯಾಗ ಉಳಿತೈತ್ರಿ.”

ಆ ಗೊಬ್ಬರವೇ ರಂಜಕ. ಕೆನಡಾದಲ್ಲಿ 1973ರಲ್ಲಿ ವಿಜ್ಞಾನಿ ಡೇವಿಡ್ ಶಿಂಡ್ಲರ್ ಅವರ ತಂಡ ಒಂದು ಕೆರೆಗೆ ನಡುವೆ ಪರದೆ ಕಟ್ಟಿತು. ಎರಡೂ ಕಡೆಗೆ ಇಂಗಾಲ, ಸಾರಜನಕ; ಒಂದೇ ಕಡೆಗೆ ರಂಜಕ. ರಂಜಕ ಬಿದ್ದ ಅರ್ಧವಷ್ಟೇ ಹಸಿರುಗಟ್ಟಿತು. ನಮ್ಮಲ್ಲಿ ಅದು ಬಚ್ಚಲು, ಪಾಯಖಾನೆಗಳ ನೀರಿನೊಂದಿಗೆ ಗಟಾರ ಹಿಡಿದು ಬರುತ್ತದೆ.

ಲೋಟದ ನೀರನ್ನು ಮೆಲ್ಲಗೆ ಕೆರೆಗೇ ಸುರಿಯಿರಿ. ಈ ಜೀವಿಗಳು ತಮ್ಮ ಪಾಲಿನ ಕೆಲಸ ಮಾಡುತ್ತಲೇ ಇವೆ; ಆದರೆ ಒಂದು ಊರಿನ ಗಟಾರವನ್ನು ಅವು ಮೇದು ಮುಗಿಸಲಾರವು. ಆ ನೀರು ಶುದ್ಧವಾಗದೆ ಕೆರೆ ಸೇರದಂತೆ ನೋಡಿಕೊಳ್ಳಬೇಕಾದವರು ನಾವು.